ಅಂಗಿಯಿಲ್ಲದ ಜೇಬು

ಭಾನುವಾರ. ಶ್ರೀರಾಮಪುರದ ಅಂಗಡಿ, ಷಟರು ಅರ್ಧ ಇಳಿದಿದೆ.
ಕತ್ತರಿಸುವ ಮೇಜಿನ ಮೇಲೆ ನಕಾಶೆ,
ಫ್ಯಾನಿನ ಗಾಳಿಗೆ ಹಾರದ ಹಾಗೆ ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ,
ಇನ್ನೊಂದಕ್ಕೆ ಫಾಲಾಕ್ಷನ ಮೊಣಕೈ.
ಗೆರೆ ಎಳೆಯುತ್ತಿದ್ದಾನೆ, ನನ್ನದೇ ಸೀಮೆಸುಣ್ಣದಲ್ಲಿ,
ರವಿಕೆಯ ಕಂಕುಳಿಗೆ ಗುರುತು ಹಾಕುವ ನೀಲಿ ಚೂರು,
ಯಶವಂತಪುರದಿಂದ ಕಡಲಿನ ತನಕ.

ಊರಿನ ಹೆಸರು ಇಲ್ಲಿ ಬೇಡ.
ಜೆಸಿಂತ ಹೋಗಿ ಬಂದಿದ್ದಾಳೆ, ತನ್ನ ಕಲಾವತಿಯ ಜೊತೆ.
"ಮರಳಿನ ಆ ತುದಿಯಲ್ಲಿ
ಉಟ್ಟವರು ಉಟ್ಟಿರ್ತಾರೆ, ಬಿಟ್ಟವರು ಬಿಟ್ಟಿರ್ತಾರೆ,
ಎರಡಕ್ಕೂ ಯಾರೂ ತಲೆ ಎತ್ತಲ್ಲ.
ಫೋನು ಮಾಡಿದರೆ ಆಯಮ್ಮ ಕೇಳೋದು ಒಂದೇ:
ಮಂಚ ಒಂದು ಸಾಕೋ, ಎರಡು ಬೇಕೋ?
ಟೀಗೆ ಸಕ್ಕರೆ ಎಷ್ಟು ಅನ್ನೋ ಹಾಗೆ."

ಹತ್ತೊಂಬತ್ತು ವರ್ಷದಲ್ಲಿ ನಮ್ಮನ್ನು ಯಾರೂ ಹಾಗೆ ಕೇಳಿಲ್ಲ.
ಲಾಡ್ಜುಗಳಲ್ಲಿ ನಾವು ಅಣ್ಣ-ತಮ್ಮ.
ಮದುವೆಮನೆಗಳಲ್ಲಿ ಮೇಷ್ಟ್ರು, ಮತ್ತು ಅವರ ಟೈಲರು.

ದಿನ ಹೊಂದಿಸುವುದೇ ದೊಡ್ಡ ತಲೆನೋವು.
ದಸರಾ ರಜೆ ಅವನಿಗುಂಟು, ನನಗೆ ಅದೇ ಸುಗ್ಗಿ,
ಫಾಲು ಹಚ್ಚದ ಸೀರೆ ಸೊಂಟದುದ್ದ ರಾಶಿ.
ಆಷಾಢದಲ್ಲಿ ನಾನು ನೊಣ ಹೊಡೆಯುತ್ತೇನೆ,
ಆಗ ಕಡಲಿಗೆ ತಲೆ ಕೆಟ್ಟಿರುತ್ತದೆ.
ಕೊನೆಗೆ ಸಿಕ್ಕಿದ್ದು ಧನುರ್ಮಾಸ.
ಮದುವೆಯಿಲ್ಲ, ರವಿಕೆಯಿಲ್ಲ,
ಒಂದು ಭಾನುವಾರ, ಒಂದು ಕ್ರಿಸ್‌ಮಸ್, ನಡುವೆ ಮೂರು ಸಿಎಲ್,
ಹೊಲಿದು ಜೋಡಿಸಿದರೆ ಐದು ದಿನ.
ಸ್ವಲ್ಪ ಬಿಗಿ. ನಡೆಯುತ್ತೆ.

ಸಾಮಾನಿನ ಪಟ್ಟಿ ಬರೆಯಲು ಕೂತೆವು.
ಟವೆಲು ಎರಡು. ಬಿಪಿ ಮಾತ್ರೆ. ಕೊಬ್ಬರಿ ಎಣ್ಣೆ. ಚಕ್ಕುಲಿ.
ಅಲ್ಲಿಗೆ ಪೆನ್ನು ನಿಂತಿತು.
ಮೂವತ್ತು ವರ್ಷ ಊರಿಗೆಲ್ಲ ಹೊಲಿದವನು
ಏನನ್ನೂ ತೊಡದೆ ಇರಲು ಏನು ತುಂಬಿಕೊಳ್ಳಲಿ?

ಹೆದರಿಕೆ ಇದೆ, ಸುಳ್ಳೇಕೆ.
ಟೇಪು ಕೊರಳಲ್ಲಿದ್ದರೆ ಯಾರ ಮೈಗೂ ಅಂಜಿದವನಲ್ಲ,
ಒಂದು ಕಡೆ ಇಳಿದ ಭುಜ, ಬಾಣಂತಿಯ ಹೊಟ್ಟೆ, ಗೂನು,
ಯಾರಿಗೂ ಹೇಳದೆ ಬಟ್ಟೆಯೊಳಗೆ ಅಡಗಿಸಿ ಕೊಟ್ಟಿದ್ದೇನೆ.
ನನ್ನ ಹರ್ನಿಯಾದ ಗಾಯ, ಮಿಷನ್ನಿಗೆ ಬಾಗಿ ಬಾಗಿ ಸೊಟ್ಟಾದ ಬೆನ್ನು,
ಅದಕ್ಕೂ ಅಂಗಿ ಹೊಲಿದವನು ನಾನೇ.
"ಮಾನ ಮುಚ್ಚೋದು ನನ್ನ ಕಸುಬು ಕಣೋ" ಅಂದೆ.

"ಮಾನ ಅಂದ್ರೆ ಅಳತೆ ಅಂತಲೂ ಇದೆ,"
ಕನ್ನಡ ಮೇಷ್ಟ್ರ ಪಾಠ ಶುರು.
"ಹಳಗನ್ನಡದಲ್ಲಿ ಬಟ್ಟೆ ಅಂದ್ರೆ ದಾರಿ.
ಬಟ್ಟೆಗೆಟ್ಟವನು ಅಂದ್ರೆ ದಾರಿ ತಪ್ಪಿದವನು, ಬೆತ್ತಲಾದವನಲ್ಲ."
"ನಮ್ಮಪ್ಪ ಎರಡನ್ನೂ ಸೇರಿಸಿಯೇ ಬೈದಿದ್ದು" ಅಂದೆ.
ಅವನು ನಗಲಿಲ್ಲ. ನಕಾಶೆಯ ಮೇಲಿನ ನೀಲಿ ಗೆರೆಯನ್ನು
ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದ.

ಓನರು ಗೌರಕ್ಕನಿಗೆ ಮಂತ್ರಾಲಯ ಅಂದಿದ್ದೇವೆ.
ಪ್ರಸಾದ ತನ್ನಿ ಅಂದರು. ಆಮೇಲೆ ಮೆಟ್ಟಿಲಿಳಿಯುತ್ತ,
ಯಾರಿಗೋ ಹೇಳುವ ಹಾಗೆ:
"ಉಪ್ಪುನೀರಿಗೆ ಕಣ್ಣು ಉರಿಯುತ್ತೆ, ಹುಷಾರು."
ತುಂಗಭದ್ರೆ ಯಾವಾಗ ಉಪ್ಪಾಯಿತು?
ಇಬ್ಬರೂ ಇನ್ನೂ ಯೋಚಿಸುತ್ತಿದ್ದೇವೆ.

ಉಳಿದದ್ದು ಒಂದೇ ಪ್ರಶ್ನೆ, ಅವನೇ ಕೇಳಿದ್ದು.
ಜೇಬಿಲ್ಲದ ಮೈಯಲ್ಲಿ ರೂಮಿನ ಬೀಗದ ಕೈ ಎಲ್ಲಿಡೋದು?
ಕೇಳಿದವನು ಇಸ್ತ್ರಿಯಾಗದ ಬಟ್ಟೆಗಂಟಿಗೆ ಒರಗಿ ನಿದ್ದೆಹೋದ.
ನಾನು ಅವನ ಹಳೇ ಅಂಗಿಯೊಂದರ ಜೇಬು ಬಿಚ್ಚಿದೆ,
ಕೆಂಪು ಶಾಯಿಯ ಕಲೆ ಇದ್ದದ್ದು, ಒಗೆದರೂ ಹೋಗದ್ದು.
ಹಿಂದಕ್ಕೊಂದು ತುಂಡು ಕೊಟ್ಟೆ, ಬಾಯಿಗೆ ಗುಂಡಿ,
ರವಿಕೆಗೆಂದು ತಿರುಚಿಟ್ಟ ಲಾಡಿ ಸೇರಿಸಿ
ಕೊರಳಿಗೆ ಹಾಕಿಕೊಳ್ಳುವ ಹಾಗೆ ಮಾಡಿದೆ.
ಒಂದೇ ಬೀಗದ ಕೈ ಹಿಡಿಸುವಷ್ಟು.
ಎಬ್ಬಿಸಿ ಅಳತೆ ತೆಗೆದುಕೊಳ್ಳಲಿಲ್ಲ.
ಹದಿನೈದೂವರೆ.